ಗ್ರಾಹಕರ ಬಳಗದಲ್ಲಿ ದೂರು ಬಂದರೆ ವ್ಯಾಪಾರ ಕೆಡುತ್ತದೆಯೇ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಸಮೀಪ ಅಡಿಕೆ ದೋಟಿ (ಕೊಯ್ಯುವ ಉದ್ದನೆಯ ಕೋಲು) ಮತ್ತು ಸ್ಪ್ರೇಯರ್ ಮಾರುವ ಸಣ್ಣ ಸಂಸ್ಥೆ ನಮ್ಮದು. ಕೊಂಡ ಕೃಷಿಕರನ್ನೆಲ್ಲ ಒಂದು ವಾಟ್ಸ್‌ಆ್ಯಪ್ ಬಳಗದಲ್ಲಿ ಸೇರಿಸಿದರೆ ಪ್ರಚಾರವೂ ಆದೀತು, ರಿಪೇರಿಯ ಕರೆಗಳೂ ಕಡಿಮೆಯಾದಾವು. ಆದರೆ ಒಬ್ಬರ ದೂರು ಎಲ್ಲರ ಕಣ್ಣಿಗೆ ಬಿದ್ದರೆ?

ಉತ್ತರ: ಆ ಭಯಕ್ಕೆ ಬಳಗ ಕಟ್ಟುವುದನ್ನು ಬಿಡಬೇಡಿ. ನಾಳೆ ಕೊಳ್ಳಬೇಕೆಂದಿರುವವರು ನಿಮ್ಮ ಜಾಹೀರಾತಿಗಿಂತ ಹೆಚ್ಚಾಗಿ ಗಮನಿಸುವುದು, ಇನ್ನೊಬ್ಬರ ಯಂತ್ರ ಕೆಟ್ಟ ದಿನ ನೀವು ಏನು ಮಾಡಿದಿರಿ ಎಂಬುದನ್ನು.

ಮಹಾಳಿಗೆ, ಅಂದರೆ ಅಡಿಕೆಯ ಕೊಳೆರೋಗಕ್ಕೆ, ಮದ್ದು ಬಿಡುವ ಕಾಲವನ್ನೇ ನೋಡಿ. 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತು ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣದಲ್ಲಿ ಸುಣ್ಣದ ನೀರನ್ನು ಸರಿಯಾಗಿ ಸೋಸದಿದ್ದರೆ ಸ್ಪ್ರೇಯರ್‌ನ ನಾಸಲ್ (ಮದ್ದು ಚಿಮ್ಮುವ ಮೂತಿ) ಕಟ್ಟಿಕೊಳ್ಳುತ್ತದೆ. ಮಳೆ ಬಿಟ್ಟಿರುವಾಗಲೇ ಮದ್ದು ಬಿಟ್ಟು ಮುಗಿಸಬೇಕಾದ ಕೃಷಿಕರು ಆ ಹೊತ್ತಿನಲ್ಲಿ ಫೋಟೊ ತೆಗೆದು ಕೇಳಿದಾಗ, ಅದೇ ತೊಂದರೆಯನ್ನು ಹಿಂದೆ ಕಂಡ ಇನ್ನೊಬ್ಬರು ನಿಮಗಿಂತ ಮೊದಲೇ ಉತ್ತರಿಸಿಯಾರು. ಆ ಉತ್ತರ ಸರಿಯೇ ಎಂಬುದನ್ನು ನಿಮ್ಮ ಮೆಕ್ಯಾನಿಕ್ ಅಲ್ಲಿಯೇ ತಿಳಿಸಬೇಕು, ತಪ್ಪಿದ್ದರೆ ಕೂಡಲೇ ತಿದ್ದಬೇಕು. ಸುರಕ್ಷತೆಯ ಮಾತನ್ನಂತೂ ಸದಸ್ಯರ ಪಾಲಿಗೆ ಬಿಡಲೇಬಾರದು: ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ, ತಂತಿಯ ಹತ್ತಿರ ಅದನ್ನು ಎತ್ತಬಾರದು ಎಂಬ ಎಚ್ಚರಿಕೆ ಪ್ರತಿ ಕೊಯ್ಲಿಗೂ ಮೊದಲು ಸಂಸ್ಥೆಯಿಂದಲೇ ಹೋಗಬೇಕು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ 1024 ಮಂದಿಗಷ್ಟೇ ಅವಕಾಶ, ಹಳೆಯ ಉತ್ತರಗಳು ಬೇಗನೆ ಅಡಿಗೆ ಹೋಗುತ್ತವೆ, ಸದಸ್ಯರ ಫೋನ್ ನಂಬರ್ ಪರಸ್ಪರ ಕಾಣುತ್ತದೆ. ಆದ್ದರಿಂದ ಕೇಳಿಯೇ ಸೇರಿಸಿ. ಟೆಲಿಗ್ರಾಮ್ ಗುಂಪಿನಲ್ಲಿ 2 ಲಕ್ಷ ಜನರಿರಬಹುದು, ಹೊಸಬರಿಗೂ ಹಳೆಯ ಮಾತುಕತೆ ಕಾಣುವಂತೆ ಇಡಬಹುದು. ಆದರೂ ಕೃಷಿಕರು ಈಗಾಗಲೇ ಎಲ್ಲಿದ್ದಾರೋ ಅಲ್ಲಿ ಆರಂಭಿಸುವುದು ಒಳ್ಳೆಯದು, ಮೇಲಿಂದ ಮೇಲೆ ಬರುವ ಪ್ರಶ್ನೆಗಳ ಉತ್ತರವನ್ನು ಬೇರೆಯಾಗಿ ಬರೆದಿಟ್ಟರಾಯಿತು.

ಪ್ರಚಾರದ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ನಿಮ್ಮ ನೌಕರರು ಕೃಷಿಕರ ಸೋಗಿನಲ್ಲಿ ಹೊಗಳಿ ಬರೆಯಕೂಡದು. ಆನ್‌ಲೈನ್ ಮಾರಾಟಕ್ಕೆ ಸಂಬಂಧಿಸಿದ 2020ರ ಗ್ರಾಹಕ ಸಂರಕ್ಷಣಾ ನಿಯಮಗಳು ಮಾರಾಟಗಾರರು ಗ್ರಾಹಕರಂತೆ ನಟಿಸಿ ವಿಮರ್ಶೆ ಬರೆಯುವುದನ್ನು ನಿಷೇಧಿಸಿವೆ. ಆನ್‌ಲೈನ್‌ನಲ್ಲಿ ಮಾರುವ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದೂ ಅವು ಹೇಳುತ್ತವೆ. ಅಂಗಡಿಯಲ್ಲಿ ಮಾತ್ರ ಮಾರುವವರೂ ಈ ಗಡುವನ್ನು ತಾವಾಗಿಯೇ ಪಾಲಿಸಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಭಾಷೆ. ಸಪ್ತಭಾಷೆಗಳ ಕಾಸರಗೋಡಿನಲ್ಲಿ ಪ್ರಶ್ನೆ ತುಳುವಿನಲ್ಲಿಯೋ ಮಲಯಾಳದಲ್ಲಿಯೋ ಧ್ವನಿ ಸಂದೇಶವಾಗಿ ಬಂದೀತು. ಕೇಳಿದವರ ಭಾಷೆಯಲ್ಲಿ ಉತ್ತರಿಸಿ, ಅದನ್ನೇ ಕನ್ನಡದಲ್ಲಿಯೂ ಬರೆದು ಹಾಕಿ. ಯಂತ್ರದ ಜೊತೆ ಬರುವ ಇಂಗ್ಲಿಷ್ ಕೈಪಿಡಿಯನ್ನು ಓದಲಾಗದ ಹಿರಿಯ ಕೃಷಿಕರಿಗೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಉತ್ತರಗಳೇ ಕೈಪಿಡಿಯಾಗುತ್ತವೆ. ಅವನ್ನು ಅಚ್ಚು ಹಾಕಿಸಿ ಪ್ರತಿ ಸ್ಪ್ರೇಯರ್ ಜೊತೆಗೆ ಕೊಡಬಹುದು.