ಬೋಪಣ್ಣ ಅವರ ಮಂಡಿ

2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಟೆನಿಸ್‌ನ ಪುರುಷರ ಡಬಲ್ಸ್ ಗೆದ್ದರು. ಆಗ ಅವರಿಗೆ 43 ವರ್ಷ. ಎಲ್ಲರೂ ವಯಸ್ಸಿನ ಬಗ್ಗೆಯೇ ಮಾತಾಡಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಅವರ ಮಂಡಿ.

ಮಂಡಿಯ ಕಾರ್ಟಿಲೇಜ್ ಸವೆದು ಹೋಗಿದೆ ಎಂದು ಬೋಪಣ್ಣ ಅವರೇ ಹೇಳಿದ್ದಾರೆ. ದಿನವೂ ನೋವಿನ ಮಾತ್ರೆ ನುಂಗಿ ಆಡಿದ ಕಾಲವೂ ಇತ್ತು. ಕಾರ್ಟಿಲೇಜ್ ಅಂದರೆ ಮೂಳೆಯ ತುದಿಗೆ ಅಂಟಿಕೊಂಡ, ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಪದರ. ಅದರಲ್ಲಿ ರಕ್ತನಾಳ ಇಲ್ಲ. ಹಾಗಾಗಿ ಚರ್ಮದ ಗಾಯದಂತೆ ಅದು ಬೇಗ ಮಾಯುವುದಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಹೆಜ್ಜೆ ಊರಿದಾಗ ಸ್ಪಂಜಿನಂತೆ ಹಿಂಡಿಕೊಳ್ಳುತ್ತದೆ, ಭಾರ ಇಳಿದಾಗ ಮತ್ತೆ ಹೀರಿಕೊಳ್ಳುತ್ತದೆ. ಅದಕ್ಕೇ ಮಂಡಿಗೆ ಅತಿಯಾದ ಹೊಡೆತವೂ ಒಳ್ಳೆಯದಲ್ಲ, ಸುಮ್ನೆ ಕೂತಿರುವುದೂ ಒಳ್ಳೆಯದಲ್ಲ.

ಇನ್ನೊಂದು ವಿಷಯ. ಕಾರ್ಟಿಲೇಜಿನಲ್ಲಿ ನರಗಳೂ ಇಲ್ಲ. ನೋವು ಹುಟ್ಟುವುದು ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಭಾಗಗಳಲ್ಲಿ. ಎಕ್ಸ್‌ರೇಯಲ್ಲಿ ಸವೆತ ಜಾಸ್ತಿ ಕಂಡರೂ ಕೆಲವರಿಗೆ ನೋವು ಕಡಿಮೆ ಇರುತ್ತದೆ. ಎಕ್ಸ್‌ರೇ ನೋಡಿದ ಕೂಡಲೇ ಎದೆಗುಂದಬೇಕಿಲ್ಲ.

ಹಾಗಾದರೆ ಭಾರ ಹೊರುವವರು ಯಾರು? ಸ್ನಾಯುಗಳು. ಕೊಡಗಿನವರಿಗೆ ಇದು ಕಾಲಿಗೇ ಗೊತ್ತು. 1748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತುವಾಗ ಏದುಸಿರು ಬರುತ್ತದೆ, ಮಂಡಿ ಕಾಡುವುದು ಇಳಿಯುವಾಗ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಇಡೀ ಮೈಯನ್ನು ತಡೆದು ಹಿಡಿಯಬೇಕು. ಅದು ದಣಿದರೆ ಮಂಡಿ ನಡುಗುತ್ತದೆ, ಹೊಡೆತ ಕೀಲಿಗೆ ಬೀಳುತ್ತದೆ.

ಹುಡುಗನಾಗಿದ್ದಾಗ ತೋಟದಲ್ಲಿ ಸೌದೆ ಒಡೆದು, ಹಗ್ಗ ಹತ್ತಿ ಮೈ ಗಟ್ಟಿ ಮಾಡಿಕೊಂಡವರು ಬೋಪಣ್ಣ. 2020ರಲ್ಲಿ, ಕೋವಿಡ್ ಕಾಲದಲ್ಲಿ, ಅವರು ಅಯ್ಯಂಗಾರ್ ಯೋಗ ಹಿಡಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿ ಇದು. ಹಗ್ಗ, ಬೆಲ್ಟ್, ಮರದ ಇಟ್ಟಿಗೆ, ಕುರ್ಚಿಯ ಆಸರೆಯಲ್ಲಿ ಒಂದೊಂದು ಆಸನದಲ್ಲೂ ಜಾಸ್ತಿ ಹೊತ್ತು ನಿಲ್ಲುತ್ತಾರೆ. ನೆಗೆತ ಇಲ್ಲ, ಹೊಡೆತ ಇಲ್ಲ. ಆದರೂ ತೊಡೆ, ಸೊಂಟದ ಸ್ನಾಯುಗಳಿಗೆ ಪೂರ್ತಿ ಕೆಲಸ. ನೋವು ಇಳಿಯಿತು, ಮಾತ್ರೆ ಬಿಟ್ಟೆ ಎಂದು ಬೋಪಣ್ಣ ಹೇಳಿದ್ದಾರೆ. ಹಾಗಂತ ಯೋಗದಿಂದ ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬದಲಾಗಿದ್ದು ಅದರ ಸುತ್ತಲಿನ ಸ್ನಾಯುಗಳ ಬಲ.

ಡಬಲ್ಸ್ ಆಟವೂ ಅವರಿಗೆ ನೆರವಾಯಿತು. ವಯಸ್ಸಾದಂತೆ ಸ್ನಾಯುವಿನಲ್ಲಿ ಹೆಚ್ಚು ಸೊರಗುವುದು ಥಟ್ಟನೆ ಓಡಲು, ನೆಗೆಯಲು ಬೇಕಾದ ವೇಗದ ಎಳೆಗಳು. ಡಬಲ್ಸ್‌ನಲ್ಲಿ 10.97 ಮೀಟರ್ ಅಗಲದ ಅಂಕಣವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಓಟ ಕಡಿಮೆ, ಸರ್ವ್‌ಗೆ ಬೆಲೆ ಜಾಸ್ತಿ. ಬೋಪಣ್ಣ ಅವರ ಸರ್ವ್ ಮೊದಲಿನಿಂದಲೂ ಬಿರುಸು, ಅಲ್ವಾ?

2025ರ ನವೆಂಬರ್‌ನಲ್ಲಿ, 45ರ ವಯಸ್ಸಿನಲ್ಲಿ, ಅವರು ವೃತ್ತಿ ಟೆನಿಸ್ ಬಿಟ್ಟರು. ಮಂಡಿ ಹೋಯಿತು ಎಂದು ತೋಟದ ಕಡೆಗೇ ಹೋಗದ ಹಿರಿಯರು ನಮ್ಮ ಮನೆಗಳಲ್ಲಿ ಇದ್ದಾರೆ. ಡಾಕ್ಟರರನ್ನು ಕೇಳಿಕೊಂಡು, ಗಟ್ಟಿ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದರಿಂದ ಅವರು ಶುರು ಮಾಡಬಹುದು. ಕೂರುವಾಗ ಧೊಪ್ಪೆಂದು ಕೂರದೆ ತಡೆದು ತಡೆದು ಇಳಿದರೆ, ಇಳಿಜಾರಿನಲ್ಲಿ ದುಡಿಯುವ ಅದೇ ಸ್ನಾಯುವಿಗೆ ಕೆಲಸ ಸಿಗುತ್ತದೆ.