ಅರಣ್ಯ ಜಮೀನಿಗೆ ಮಂತ್ರಿಗಳ ಪತ್ರ ಸಾಲದು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಜಮೀನಿನ ವಿಷಯಕ್ಕೆ ಬರುವವರ ಕೈಯಲ್ಲಿ ಪಹಣಿ ಇರುತ್ತದೋ ಇಲ್ಲವೋ, ಶಾಸಕರದ್ದೋ ಮಂತ್ರಿಗಳದ್ದೋ ಒಂದು ಶಿಫಾರಸು ಪತ್ರ ಇದ್ದೇ ಇರುತ್ತದೆ. "ಸರ್ಕಾರ ನಮ್ಮದೇ ಇದೆ ಲಾಯರ್ರೇ, ಮಾಡಿಸ್ಕೊಂಡು ಬರ್ತೀವಿ" ಅಂತಾರೆ. ಯಾವ ಸರ್ಕಾರ ಮಾರಾಯ್ರೇ? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಿಮ್ಮ ಸಾಗುವಳಿ ಗೋಮಾಳದಲ್ಲೋ ಬೇರೆ ಕಂದಾಯ ಭೂಮಿಯಲ್ಲೋ ಇದ್ದರೆ ಸರಿ. ಭೂಮಿ ಸಂವಿಧಾನದ ರಾಜ್ಯ ಪಟ್ಟಿಯ ವಿಷಯ, ಅಂದರೆ ಅದರ ಕಾನೂನು ಮಾಡುವುದು ರಾಜ್ಯ. ಬಗರ್ ಹುಕುಂ (ಮಂಜೂರಾತಿ ಇಲ್ಲದೆ ಮಾಡಿದ ಸರ್ಕಾರಿ ಜಮೀನಿನ ಸಾಗುವಳಿ), ಅದನ್ನು ಸಕ್ರಮ ಮಾಡಿಸುವ ಅರ್ಜಿ ಫಾರಂ 57 ಎಲ್ಲ ರಾಜ್ಯದ ಕಾನೂನಿನ ಕೆಳಗೇ ಬರುತ್ತವೆ. ಅಲ್ಲಿ ಶಾಸಕರ ಮಾತಿಗೆ ಬೆಲೆ ಇದೆ, ಅವರೇ ಬಗರ್ ಹುಕುಂ ಸಮಿತಿಯ ಅಧ್ಯಕ್ಷರು. ಆದರೆ ಅದೇ ಜಮೀನು ಅರಣ್ಯ ಅಂತಾದರೆ ರಾಜ್ಯ ಸರ್ಕಾರವೊಂದೇ ಕೊಡಲು ಬರುವುದಿಲ್ಲ. ಗಾರ್ಡು, ಫಾರೆಸ್ಟರ್ ರಾಜ್ಯದ ನೌಕರರೇ, ಇಲಾಖೆಗೂ ರಾಜ್ಯದ ಮಂತ್ರಿ ಇದ್ದಾರೆ, ನಿಜ. ಆದರೆ ಕಾಡು ನೋಡಿಕೊಳ್ಳುವ ಅಧಿಕಾರ ಬೇರೆ, ಕಾಡನ್ನು ಬಿಟ್ಟುಕೊಡುವ ಅಧಿಕಾರ ಬೇರೆ. ಎರಡನೆಯದಕ್ಕೆ ಕೇಂದ್ರದ ಒಪ್ಪಿಗೆ ಬೇಕು, ಅದೂ ಮುಂಚಿತವಾಗಿ. ಇದನ್ನು ಎಷ್ಟು ಸಲ ಹೇಳಿದರೂ ಜನ ನನ್ನ ಮುಖ ನೋಡಿ, "ಮಂತ್ರಿಗಳು ಆಗತ್ತೆ ಅಂದ್ರಲ್ಲ" ಅಂತಾರೆ.

ಹಾಗೆ ನಂಬುವುದಕ್ಕೆ ಕಾರಣವೂ ಇದೆ. 1951ರಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದ ಕಾಗೋಡು ಸತ್ಯಾಗ್ರಹ ನಡೆದ ಸೀಮೆ ಇದು. 1974ರ ಭೂಸುಧಾರಣೆ ಬಂದಾಗ ಕಾನೂನು ಮಾಡಿದ್ದು ಬೆಂಗಳೂರು, ತೀರ್ಮಾನ ಕೊಟ್ಟಿದ್ದು ಇಲ್ಲಿನ ಟ್ರಿಬ್ಯೂನಲ್. ಡಿಕ್ಲರೇಷನ್ (ಉಳುವ ಜಮೀನು ತಮಗೆ ಬೇಕೆಂಬ ಅರ್ಜಿ) ಹಾಕಿದ ಗೇಣಿದಾರರು ಒಡೆಯರಾದರು. ನಮ್ಮ ಅಪ್ಪಂದಿರು ಅದನ್ನು ಕಣ್ಣಾರೆ ಕಂಡಿದ್ದಾರೆ. ಆಗ ಕಾಡೂ ರಾಜ್ಯ ಪಟ್ಟಿಯಲ್ಲೇ ಇತ್ತು. 1976ರ 42ನೇ ತಿದ್ದುಪಡಿ ಅದನ್ನು ಕೇಂದ್ರ, ರಾಜ್ಯ ಎರಡಕ್ಕೂ ಅಧಿಕಾರ ಇರುವ ಸಮವರ್ತಿ ಪಟ್ಟಿಗೆ ತಂದಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಆ ವರ್ಷದ ಅಕ್ಟೋಬರ್ 25ರಿಂದ ಕೇಂದ್ರವನ್ನು ಕೇಳದೆ ರಾಜ್ಯ ಕಾಡನ್ನು ಕೈಬಿಡುವಂತಿಲ್ಲ. ಆಮೇಲೆ ಹಾಗೆ ಕೈಬಿಟ್ಟ ಆದೇಶ ನಿಮ್ಮ ಹತ್ತಿರ ಇದ್ದರೆ, ಕೋರ್ಟಿನಲ್ಲಿ ನಿಲ್ಲುವುದು ಬಹಳ ಕಷ್ಟ. ಅದಕ್ಕೂ ಹಿಂದಿನ ಆದೇಶವಾದರೆ ಮಾತೇ ಬೇರೆ, ಜೋಪಾನವಾಗಿಡಿ.

ಇನ್ನು ಕೆಲವರು ಪೂರ್ತಿ ಉಲ್ಟಾ. ಕಾಡಿನಲ್ಲಿ ಬದುಕುವವರಿಗೆ ಜಮೀನಿನ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಕೇಂದ್ರದ್ದಲ್ವಾ ಅಂತ ಸಂಸದರ ಮನೆಗೆ ಅಲೆಯುತ್ತಾರೆ. 2006ರ ಆ ಕಾನೂನು ಮಾಡಿದ್ದು ದಿಲ್ಲಿಯೇ. ಆದರೆ ಅರ್ಜಿ ಶುರುವಾಗುವುದು ನಿಮ್ಮೂರ ಗ್ರಾಮಸಭೆಯಲ್ಲಿ. ಕೊನೆಯ ತೀರ್ಮಾನ ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಯದ್ದು. ಅಲ್ಲಿ ಹಕ್ಕು ಸಿಕ್ಕರೆ 1980ರ ಕಾಯ್ದೆಯ ಒಪ್ಪಿಗೆಯೂ ಬೇಡ.

ಈ ಕಾಯ್ದೆಯಲ್ಲಿ ಸಿಕ್ಕಿಹಾಕಿಕೊಳ್ಳುವವರು ಶರಾವತಿ ಮುಳುಗಡೆಯವರು, ಅಂದರೆ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಕಳೆದುಕೊಂಡವರು. ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ನಾಡಿಗೆ ಕರೆಂಟ್ ಬರಲಿ ಅಂತ ಊರು ಬಿಟ್ಟು, ಸರ್ಕಾರ ತೋರಿಸಿದ ಕಾಡಂಚಿನಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡವರು 75 ವರ್ಷ ಎಲ್ಲಿಂದ ತರಬೇಕು? ಅವರ ಕಡತ ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಅವರಿಗೆ ರಾಜ್ಯ ಪ್ರಸ್ತಾವ ಕಳಿಸಿ, ಕೇಂದ್ರ ಒಪ್ಪಿದರೆ ಮಾತ್ರ ದಾರಿ. ಅವರ ಪರವಾಗಿ ಎರಡೂ ಕಡೆ ಒತ್ತಡ ಹಾಕಲೇಬೇಕು. ಒಂದೇ ಕಡೆ ಹಾಕಿದರೆ ಕಡತ ಇನ್ನೊಂದು ಕಡೆ ಸುಮ್ನೆ ಕೂತಿರುತ್ತದೆ.

ಹಾಗಾಗಿ ಪತ್ರಕ್ಕಿಂತ ಮೊದಲು ಪಹಣಿ ತನ್ನಿ. 9ನೇ ಕಾಲಂ (ಒಡೆಯರ ಹೆಸರು) ಮತ್ತು 11ನೇ ಕಾಲಂ (ಇತರ ಹಕ್ಕು, ಋಣ) ಓದಿ. ಅಲ್ಲಿ ಬರೀ "ಸರ್ಕಾರ" ಅಂತಿದ್ದರೂ ನಿಶ್ಚಿಂತೆ ಬೇಡ, ಅರಣ್ಯ ಕಾಯ್ದೆಯ ಸೆಕ್ಷನ್ 4 (ಮೀಸಲು ಅರಣ್ಯ ಮಾಡುವ ಉದ್ದೇಶದ ಪ್ರಕಟಣೆ) ಅಥವಾ 17ರ (ಅಂತಿಮ ಘೋಷಣೆ) ಅಧಿಸೂಚನೆ ಆಗಿದೆಯಾ ಕೇಳಿ. ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಬೆಟ್ಟ), ಕಾನು (ದಟ್ಟ ಕಾಡು) ಅಂತಿದ್ದರೆ ಇನ್ನೂ ಜಾಸ್ತಿ ನೋಡಬೇಕು. ಪ್ರತಿ ಸರ್ವೆ ನಂಬರಿನ ಕಥೆ ಬೇರೆ, ಇಲ್ಲಿ ಬರೆದಿದ್ದನ್ನೇ ನಂಬಿ ಅರ್ಜಿ ಹಾಕಬೇಡಿ. ಅರಣ್ಯ ಹಕ್ಕಿನ ಅರ್ಜಿಯನ್ನು ಎಸಿ (ಉಪವಿಭಾಗಾಧಿಕಾರಿ) ಸಮಿತಿ ತಿರಸ್ಕರಿಸಿದ್ದರೆ ಜಿಲ್ಲಾ ಸಮಿತಿಗೆ ಹೋಗಲು 60 ದಿನ ಇದೆ. ಊರಿನ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷಿಯಾಗುತ್ತದೆ, ಅರ್ಜಿದಾರರು ಬಿಟ್ಟು ಬೇರೆಯವರದ್ದು. ಅವರು ಇರುವಾಗಲೇ ಬರೆಸಿಕೊಳ್ಳಿ.