ಮಾತ್ರೆ ಶುರು ಮಾಡಿದರೆ ಬಿಡೋಕಾಗಲ್ವಾ?

ಪ್ರಶ್ನೆ: ನನಗೆ 20 ವರ್ಷ. ಮೂರು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ. ಮನೋವೈದ್ಯರ ಹತ್ತಿರ ಹೋಗೋಣ ಅಂದರೆ, 'ಒಂದು ಸಲ ಮಾತ್ರೆ ಶುರುವಾದರೆ ಜೀವನಪೂರ್ತಿ ಬಿಡೋಕಾಗಲ್ಲ' ಅಂತ ಮನೆಯಲ್ಲಿ ಹೆದರಿಸುತ್ತಾರೆ. ಹೋಗಲೋ ಬೇಡವೋ?

ಉತ್ತರ: ಹೋಗಿ. ಎರಡು ವಾರ ಮೀರಿದರೇ ತೋರಿಸಬೇಕು, ನೀವು ಮೂರು ತಿಂಗಳು ಕಾದಿದ್ದೀರಿ. ಸಾಯುವ ಯೋಚನೆ ಬರುತ್ತಿದ್ದರಂತೂ ನಾಳೆ ಅನ್ನಬೇಡಿ, ಇವತ್ತೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೊರಡಿ.

ಇನ್ನು ಆ ಮಾತ್ರೆ ವಿಷಯ. ಎಷ್ಟು ಸಲ ಬರೆದಿದ್ದೇನೋ, ನನಗೇ ಲೆಕ್ಕ ತಪ್ಪಿದೆ. ಬಂದವರಿಗೆಲ್ಲ ನಾವು ಮಾತ್ರೆ ಕೊಡುವುದಿಲ್ಲ. ಖಿನ್ನತೆ ಅಷ್ಟು ಜೋರಾಗಿಲ್ಲದಿದ್ದರೆ ಕೌನ್ಸೆಲಿಂಗೇ ಸಾಕಾಗಬಹುದು.

ಈ ಭಯ ಹುಟ್ಟಿದ್ದು ಬೇರೆ ಮಾತ್ರೆಗಳಿಂದ. ಆತಂಕಕ್ಕೆ, ನಿದ್ದೆಗೆ ಕೊಡುವ ಡಯಾಜೆಪಾಮ್, ಆಲ್ಪ್ರಜೋಲಾಮ್ ಥರದವು ನುಂಗಿದ ಸ್ವಲ್ಪ ಹೊತ್ತಿಗೇ ಹಾಯೆನಿಸುತ್ತವೆ. ದಿನಾ ತಗೊಂಡರೆ ಅಂಟಿಕೊಳ್ಳುತ್ತವೆ, ನಿಜ. ಅದಕ್ಕೇ ಅವನ್ನು ಸ್ವಲ್ಪ ದಿನಕ್ಕಷ್ಟೇ ಬರೆಯುವುದು. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಸರ್ಟ್ರಾಲಿನ್ ಜಾತಿಯೇ ಬೇರೆ. ಪೂರ್ತಿ ಪರಿಣಾಮ ಕಾಣೋಕೆ ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರ ಎಷ್ಟೋ ಜನರಿಗೆ ಸಿಗುವುದು ಹೊಟ್ಟೆ ತೊಳಸು ಮಾತ್ರ. ಹೊಟ್ಟೆ ತೊಳಸಿಗೆ ಯಾರಾದರೂ ಚಟ ಹತ್ತಿಸಿಕೊಳ್ಳುತ್ತಾರಾ?

ಎಡವಟ್ಟಾಗುವುದು ಆಮೇಲೆ. ಎರಡನೇ ತಿಂಗಳಿಗೆ ಹುಷಾರಾಗುತ್ತಾರೆ. 'ಇನ್ಯಾಕೆ' ಅಂತ ತಾವೇ ನಿಲ್ಲಿಸುತ್ತಾರೆ. ಮೂರ್ನಾಲ್ಕು ದಿನಕ್ಕೆ ತಲೆ ಸುತ್ತು, ಸಿಡಿಮಿಡಿ, ತಲೆಯೊಳಗೆ ಕರೆಂಟು ಹೊಡೆದ ಹಾಗೆ. 'ನೋಡಿದ್ರಾ, ಅಂಟಿಕೊಂಡಿತು!' ಅಂತ ಮನೆಯವರು ಶುರು ಮಾಡುತ್ತಾರೆ. ಚಟ ಅಲ್ಲ ಸ್ವಾಮಿ, ದಿಢೀರನೆ ಬಿಟ್ಟಿದ್ದಕ್ಕೆ ಮೈ ತಕರಾರು ಮಾಡುತ್ತಿದೆ ಅಷ್ಟೆ. ಮೊದಲ ಸಲದ ಖಿನ್ನತೆಯಾದರೆ, ಹುಷಾರಾದ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು ಮುಂದುವರಿಸಿ, ಆಮೇಲೆ ಡೋಸ್ ಇಳಿಸುತ್ತಾ ಬಿಡಿಸುತ್ತೇವೆ. ಪದೇ ಪದೇ ಮರುಕಳಿಸುವವರಿಗೆ ವರ್ಷಗಟ್ಟಲೆ ಬೇಕಾಗಬಹುದು, ಸುಳ್ಳು ಹೇಳಲ್ಲ.

ನಿಜಕ್ಕೂ ಕೇಳಬೇಕಾದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ. ಮೊದಲ ಕೆಲವು ವಾರ, ಚಿಕ್ಕ ವಯಸ್ಸಿನ ಕೆಲವರಲ್ಲಿ ಸಾಯುವ ಯೋಚನೆ ಜಾಸ್ತಿಯಾಗಬಹುದು. ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಮಕ್ಕಳ ಬಗ್ಗೆ ಕೊಡಿಸಿದ್ದ ಎಚ್ಚರಿಕೆಯನ್ನು 2007ರಲ್ಲಿ 24 ವರ್ಷದವರೆಗೂ ವಿಸ್ತರಿಸಿದರು. ಶುರುವಿನಲ್ಲಿ ಬೇಗ ಬೇಗ ಬಂದು ಹೋಗಿ ಅನ್ನುವುದು ಅದಕ್ಕೇ. ಹಾಗೇನಾದರೂ ಅನಿಸಿದರೆ ಮುಂದಿನ ಭೇಟಿವರೆಗೆ ಕಾಯಬೇಡಿ.

ಅಂದಹಾಗೆ, ಡಾಕ್ಟರ ಹತ್ತಿರ ಮಾತಾಡುವಾಗ ಒಳಗೆ ಯಾರು ಕೂರಬೇಕು? ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಿಂದೊಮ್ಮೆ ಒಬ್ಬ ಹುಡುಗ ತಾಯಿ ಜೊತೆ ಬಂದಿದ್ದ. 'ನಿದ್ದೆ ಹೇಗಿದೆಯಪ್ಪಾ?' ಅಂದೆ. 'ರಾತ್ರಿಯೆಲ್ಲಾ ಮೊಬೈಲು ಡಾಕ್ಟ್ರೇ' ಅಂದರು ತಾಯಿ. 'ಊಟ?' 'ಮುಟ್ಟೋದೇ ಇಲ್ಲ.' ಅವನು ಶರ್ಟಿನ ಗುಂಡಿ ತಿರುಗಿಸುತ್ತಾ ಕೂತಿದ್ದ. 'ಅಮ್ಮಾ, ಹತ್ತು ನಿಮಿಷ ಹೊರಗೆ ಕೂತಿರಿ' ಅಂದೆ. ಬಾಗಿಲು ಮುಚ್ಚಿತು. ಗುಂಡಿ ಬಿಟ್ಟ.

'ಮೊಬೈಲ್ ನೋಡ್ತಾ ಇರಲ್ಲ ಸಾರ್. ಕತ್ತಲೆ ಅಂದ್ರೆ ಆಗಲ್ಲ, ಅದಕ್ಕೆ ಬೆಳಕು ಹಾಕ್ಕೊಂಡಿರ್ತೀನಿ.'